ತಟ್ಟೆಯ ಗೀರು, ಗಾಯಕಿಯ ಶ್ರುತಿ: ‘ಶಬ್ದ’ ಘಟಕಕ್ಕೊಂದು ಅಭ್ಯಾಸ ಪಾಠ

ಒಂಬತ್ತನೇ ತರಗತಿಯ ‘ಶಬ್ದ’ ಘಟಕದಲ್ಲಿ ಆವೃತ್ತಿ, ಪಾರ, ಸ್ಥಾಯಿ ಎಂಬ ಪದಗಳ ವ್ಯಾಖ್ಯೆಯನ್ನು ಮಕ್ಕಳು ಬೇಗ ಕಂಠಪಾಠ ಮಾಡುತ್ತಾರೆ. ಅವುಗಳನ್ನು ಬಳಸಿ ಒಂದು ತೀರ್ಮಾನ ಕೈಗೊಳ್ಳುವ ಸಂದರ್ಭ ಮಾತ್ರ ತರಗತಿಯಲ್ಲಿ ಅಪರೂಪ. ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಶುದ್ಧಗೊಳಿಸಿ ಮರುಬಿಡುಗಡೆ ಮಾಡುವ ಕೆಲಸದಲ್ಲಿ ಅಂಥ ಸಂದರ್ಭಗಳು ಹೇರಳವಾಗಿವೆ. ಅದನ್ನೇ ಆಧಾರವಾಗಿಟ್ಟುಕೊಂಡು ಅಭ್ಯಾಸ ಶಾಲೆಯಲ್ಲಿ ಎರಡು ಅವಧಿಗಳ ಮಾದರಿ ಪಾಠವೊಂದನ್ನು ನಾನು ನಡೆಸಿದೆ. ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತೆಂದು ಅದರ ಹಂತಗಳನ್ನು ಇಲ್ಲಿ ಕೊಡುತ್ತಿದ್ದೇನೆ.

ಪೀಠಿಕೆ

ಗೌಹರ್ ಜಾನ್ ಅವರ ಹೆಸರಿನಿಂದ ಪಾಠ ಆರಂಭಿಸಿದೆ. 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ತಟ್ಟೆಗಳು ತಯಾರಾದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುವುದು ಇಂದಿಗೂ ಕೇಳಿಸುತ್ತದೆ. ಕೊನೆಗಾಲದಲ್ಲಿ ಅವರು ಮೈಸೂರು ಅರಮನೆಯ ಆಶ್ರಯದಲ್ಲಿದ್ದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರೆಂದಾಗ ಮಕ್ಕಳ ಕುತೂಹಲ ಹೆಚ್ಚಿತು. ಆಗ ನನ್ನ ಮೂಲ ಪ್ರಶ್ನೆ ಇಟ್ಟೆ: “ಇಂಥ ತಟ್ಟೆಯಿಂದ ಕೇಳುವುದರಲ್ಲಿ ಗಾಯಕಿಯದು ಎಷ್ಟು, ತಟ್ಟೆಯದು ಎಷ್ಟು?”

ಒಂದನೇ ಹಂತ: ತಟ್ಟೆಯನ್ನು ಅರಿಯುವುದು

ಆ ಕಾಲದ ತಟ್ಟೆ ಅರಗಿಗೆ ಖನಿಜಪುಡಿ ಬೆರೆಸಿ ಒತ್ತಿದ್ದು. ಆ ಪುಡಿಯ ಒರಟುತನವೇ ‘ಸುಂಯ್’ ಎಂಬ ಹಿನ್ನೆಲೆ ಸದ್ದಿಗೆ ಮುಖ್ಯ ಕಾರಣ. ತೊಳೆಯಲು ಮದ್ಯಸಾರ ಬಳಸಬಾರದು, ಏಕೆಂದರೆ ಅರಗು ಅದರಲ್ಲಿ ಕರಗುತ್ತದೆ. ರಸಾಯನಶಾಸ್ತ್ರದ ದ್ರಾವಕದ ಪಾಠ ಇಲ್ಲಿ ತಾನಾಗಿ ನೆನಪಿಗೆ ಬರುತ್ತದೆ. ಹಳೆಯ ಉಕ್ಕಿನ ಮುಳ್ಳು ಗಾಡಿಯ (ತಟ್ಟೆಯ ಸುರುಳಿ ಗೆರೆಯ) ಒಂದು ಎತ್ತರವನ್ನು ಸವೆಸಿರುತ್ತದೆ. ಆದ್ದರಿಂದ ಪುನರುಜ್ಜೀವನ ಮಾಡುವವರು ಬೇರೆ ಬೇರೆ ಅಳತೆಯ ಮುಳ್ಳುಗಳನ್ನು ಇಟ್ಟು ನೋಡಿ, ಸವೆಯದ ಭಾಗದ ಮೇಲೆ ಸಾಗುವುದನ್ನು ಆರಿಸುತ್ತಾರೆ. ಗಣಕಯಂತ್ರದ ಕೆಲಸ ಆರಂಭವಾಗುವುದು ಇದಾದ ಮೇಲೆ.

ಎರಡನೇ ಹಂತ: ವೇಗ ಮತ್ತು ಶ್ರುತಿ

ಈ ತಟ್ಟೆಗಳನ್ನು ‘78’ ಎಂದು ಕರೆದರೂ ಆರಂಭಕಾಲದಲ್ಲಿ ಮುದ್ರಣದ ವೇಗ ಒಂದೇ ಸಮನಾಗಿರಲಿಲ್ಲ. ನಿಮಿಷಕ್ಕೆ 74 ಸುತ್ತಿನಲ್ಲಿ ಮುದ್ರಿಸಿದ ತಟ್ಟೆಯೊಂದನ್ನು 78ರಲ್ಲಿ ನುಡಿಸಿದರೆ ಏನಾಗುತ್ತದೆಂದು ಲೆಕ್ಕ ಹಾಕಿಸಿದೆ. 240 ಹರ್ಟ್ಜ್‌ನ ಷಡ್ಜ 240 × 78 ÷ 74, ಅಂದರೆ ಸುಮಾರು 253 ಹರ್ಟ್ಜ್ ಆಗುತ್ತದೆ. ಇದು ಒಂದು ಸ್ವರಸ್ಥಾನಕ್ಕಿಂತ ಸ್ವಲ್ಪವೇ ಕಡಿಮೆ ಏರಿಕೆ. 180 ಸೆಕೆಂಡಿನ ಹಾಡು ಸುಮಾರು 171 ಸೆಕೆಂಡಿಗೆ ಮುಗಿಯುತ್ತದೆ. ಆವೃತ್ತಿ ವೇಗಕ್ಕೆ ನೇರ ಅನುಪಾತದಲ್ಲಿದೆ, ಕಾಲ ವಿಲೋಮ ಅನುಪಾತದಲ್ಲಿದೆ ಎಂಬುದನ್ನು ಮಕ್ಕಳೇ ಕಂಡುಕೊಂಡರು.

ಅಡ್ಡಗೀರು ಬಿದ್ದ ತಟ್ಟೆ ಪ್ರತಿ ಸುತ್ತಿಗೊಮ್ಮೆ ‘ಟಕ್’ ಎನ್ನುತ್ತದೆ. 78 ಸುತ್ತಿಗೆ ಅದರ ಅಂತರ 60 ÷ 78, ಸುಮಾರು 0.77 ಸೆಕೆಂಡ್. “ಹಾಗಾದರೆ ಟಕ್ ಎಣಿಸಿ ಅವರು ಹಾಡಿದ ವೇಗ ಹೇಳಬಹುದೇ?” ಎಂದು ಕೇಳಿದೆ. ಗೀರು ಬಿದ್ದದ್ದು ಆಮೇಲೆ. ಅದು ಹೇಳುವುದು ನುಡಿಸಿದ ವೇಗವನ್ನೇ ಹೊರತು ಮುದ್ರಿಸಿದ ವೇಗವನ್ನಲ್ಲ ಎಂದು ಚರ್ಚೆಯ ನಂತರ ತರಗತಿ ಒಪ್ಪಿತು. ಸಾಕ್ಷಿ ಯಾವುದಕ್ಕೆ ಸಾಕ್ಷಿ ಎಂದು ವಿಚಾರಿಸುವ ಈ ಅಭ್ಯಾಸವೇ ಪಾಠದ ತಿರುಳು. ಹಾರ್ಮೋನಿಯಂ ಪಕ್ಕವಾದ್ಯವಿದ್ದರೆ ಅದರ ಸ್ಥಿರ ಶ್ರುತಿ ಒಂದಿಷ್ಟು ಸುಳಿವು ಕೊಡುತ್ತದೆ. ಆದರೂ ಕೊನೆಗೆ ಕಿವಿ ಬಲ್ಲ ಸಂಗೀತಗಾರರ ವಿವೇಚನೆ ಬೇಕೇ ಬೇಕು.

ಮೂರನೇ ಹಂತ: ಗೀರು ತೆಗೆಯುವುದು

ಡಿಜಿಟಲ್ ಧ್ವನಿಯೆಂದರೆ ಸಂಖ್ಯೆಗಳ ಸಾಲು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಂಖ್ಯೆಗಳಿರುತ್ತವೆ. ಗುಂಪುಗಳಿಗೆ ನಕ್ಷೆ ಹಾಳೆ ಕೊಟ್ಟು ಈ ಸಾಲನ್ನು ಬಿಡಿಸಲು ಹೇಳಿದೆ: 0, 4, 7, 9, 10, 38, 7, 4, 0. ಎಲ್ಲರೂ 38ನ್ನು ಗೀರೆಂದು ಗುರುತಿಸಿದರು. ಕೆಲವರು ಅಕ್ಕಪಕ್ಕದ ಸರಾಸರಿ ತೆಗೆದು 8.5 ಬರೆದರು, ರೇಖೆಯ ಬಾಗು ನೋಡಿದವರು 9 ಬರೆದರು. ತಂತ್ರಾಂಶವೂ ಹೀಗೆಯೇ ಅಕ್ಕಪಕ್ಕದಿಂದ ಊಹಿಸಿ ತುಂಬುತ್ತದೆ.

ಎರಡನೇ ಸಾಲು: 0, 4, 7, 9, 10, 38, –30, 24, –19, 15. ಇಲ್ಲೂ 38 ಇದೆ. ಆದರೆ ಇದು ಕ್ರಮವಾಗಿ ತಗ್ಗುತ್ತಾ ಹೋಗುತ್ತದೆ. ಇದು ತಬಲಾದ ಪೆಟ್ಟು. ಮೊದಲ ಸಾಲಿನ ನಿಯಮವನ್ನು ಕುರುಡಾಗಿ ಹಚ್ಚಿದ ಗುಂಪು ಪೆಟ್ಟನ್ನೇ ಅಳಿಸಿತ್ತು. ಬದಲಾಯಿಸಿದ ಸಾಲನ್ನು ಅವರೇ ಹಲಗೆಯ ಮೇಲೆ ಬಿಡಿಸಿದಾಗ ಹೋದದ್ದೇನೆಂದು ಬೇರೆಯವರು ತೋರಿಸಬೇಕಾಗಲಿಲ್ಲ. ‘ಸುಂಯ್’ ಸದ್ದನ್ನು ಪೂರ್ತಿ ಒತ್ತಿದರೂ ಹೀಗೆಯೇ ಆಗುತ್ತದೆ. ಅದರ ಜೊತೆಗೆ ಗಾಯಕಿಯ ಉಸಿರು, ಸ್ವರದ ಅಂಚು ಹೋಗುತ್ತವೆ. “ತಟ್ಟೆ ಹೊಸದಾಯಿತು, ಹಾಡಿದವರು ಹೊರಟುಹೋದರು” ಎಂದಳು ಒಬ್ಬ ವಿದ್ಯಾರ್ಥಿನಿ.

ಮೌಲ್ಯಮಾಪನ

ಪ್ರಶ್ನೋತ್ತರದ ಬದಲು ಪ್ರತಿ ಗುಂಪಿನಿಂದ ‘ಕೆಲಸದ ಟಿಪ್ಪಣಿ’ ಬರೆಸಿದೆ: ಏನನ್ನು ತೆಗೆದಿರಿ, ಏಕೆ, ಏನನ್ನು ಬಿಟ್ಟಿರಿ, ಯಾವುದರ ಬಗ್ಗೆ ಖಚಿತವಿಲ್ಲ. ಒಳ್ಳೆಯ ಮರುಬಿಡುಗಡೆಯ ಕ್ರಮವೂ ಇದೇ. ತಿದ್ದದ ಮೂಲ ಪ್ರತಿಯನ್ನು ಬೇರೆ ಇಟ್ಟು, ತಿದ್ದಿದ್ದನ್ನು ದಾಖಲಿಸಿದರೆ ನಾಳೆ ಇನ್ನೊಬ್ಬರು ಇನ್ನೂ ಚೆನ್ನಾಗಿ ಮಾಡಬಹುದು.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ವೇಗದ ಪ್ರಾತ್ಯಕ್ಷಿಕೆಗೆ ಮೊಬೈಲಿನ ‘ವೇಗ’ ಗುಂಡಿಯನ್ನು ನಂಬಬೇಡಿ. ಅದು ಸಾಮಾನ್ಯವಾಗಿ ಸ್ಥಾಯಿಯನ್ನು ಹಾಗೆಯೇ ಉಳಿಸಿಕೊಂಡು ಕಾಲವನ್ನಷ್ಟೇ ಬದಲಿಸುತ್ತದೆ. ಉಚಿತ ತಂತ್ರಾಂಶವಾದ ಆಡಾಸಿಟಿಯಲ್ಲಿ ವೇಗ ಮತ್ತು ಸ್ಥಾಯಿ ಒಟ್ಟಿಗೆ ಬದಲಾಗುವ ಆಯ್ಕೆಯಿದೆ. ಗಣಕಯಂತ್ರವಿಲ್ಲದ ಶಾಲೆಯಲ್ಲಿ ಮೂರನೇ ಹಂತಕ್ಕೆ ನಕ್ಷೆ ಹಾಳೆ ಸಾಕು. ಎರಡನೇ ಸಾಲನ್ನು ಮಾತ್ರ ಮೊದಲೇ ತೋರಿಸಬೇಡಿ. ಮಕ್ಕಳು ಒಂದು ನಿಯಮವನ್ನು ನಂಬಿದ ಮೇಲೆಯೇ ಅದರ ಮಿತಿಯನ್ನು ಎದುರಿಸಬೇಕು. ಅವರ ಟಿಪ್ಪಣಿಗಳನ್ನು ಓದುವಾಗ ‘ಖಚಿತವಿಲ್ಲ’ ಎಂಬ ಸಾಲಿಗೂ ಅಂಕ ಕೊಡಿ.