950 ರೂಪಾಯಿಯ ರಕ್ತಪರೀಕ್ಷೆ

ಕಳೆದ ವರ್ಷ ಮೂರು ರಕ್ತಪರೀಕ್ಷೆ ತಪ್ಪಿಸಿದ್ದಕ್ಕೆ ನಾನು ಆಸ್ಪತ್ರೆಗೆ 1,86,000 ರೂಪಾಯಿ ಕಟ್ಟಿದೆ.

ಕರುಳಿನ ಕ್ರೋನ್ಸ್ ಕಾಯಿಲೆಗೆ ತೆಗೆದುಕೊಳ್ಳುತ್ತಿದ್ದ ಸ್ಟೀರಾಯ್ಡ್ ಬಿಡಿಸಲು ಡಾಕ್ಟರು ಅಜಥಯೋಪ್ರಿನ್ ಶುರು ಮಾಡಿದ್ದರು. 15 ದಿನಕ್ಕೊಮ್ಮೆ ಸಿಬಿಸಿ (ರಕ್ತಕಣಗಳ ಎಣಿಕೆ), ಎಲ್‌ಎಫ್‌ಟಿ (ಲಿವರ್ ಪರೀಕ್ಷೆ); ಲ್ಯಾಬಿನಲ್ಲಿ ಎರಡೂ ಸೇರಿ 950. ಮೊದಲೆರಡು ರಿಪೋರ್ಟ್ ಚೆನ್ನಾಗಿ ಬಂದವು. ಮಾತ್ರೆ 50 ಮಿಲಿಗ್ರಾಮಿನಿಂದ 100ಕ್ಕೆ ಏರಿತು. ಮಗಳ ಶಾಲೆ ಫೀಸು ಕಟ್ಟುವ ತಿಂಗಳು ಅದು. ಎಲ್ಲ ನಾರ್ಮಲ್ ಇದೆಯಲ್ಲ, ಮುಂದೆ ನೋಡೋಣ ಅಂದುಕೊಂಡೆ. ಡೋಸ್ ಏರಿದಾಗಲೇ ಪರೀಕ್ಷೆ ಬೇಕು ಎಂಬುದು ತಲೆಗೆ ಹೋಗಲಿಲ್ಲ.

ಡೋಸ್ ಏರಿದ ಆರನೇ ವಾರ ಬಾಯಲ್ಲಿ ಹುಣ್ಣು. ದಿಂಬಿನ ಮೇಲೆ ಹಿಡಿ ಕೂದಲು. ಹೆಂಡತಿ ಅದನ್ನು ಎತ್ತಿ ತೋರಿಸಿ ‘ಡಾಕ್ಟ್ರಿಗೆ ಫೋನ್ ಮಾಡ್ರಿ’ ಅಂದಳು. ಬೋರ್‌ವೆಲ್ ನೀರಿನಿಂದ ಇರಬೇಕು ಅಂದೆ. ನಾಲ್ಕೇ ದಿನಕ್ಕೆ 103 ಡಿಗ್ರಿ ಜ್ವರ. ಕನಿಷ್ಠ 4,000 ಇರಬೇಕಾದ ಬಿಳಿ ರಕ್ತಕಣ 1,100ಕ್ಕೆ ಇಳಿದಿತ್ತು. ಎಂಟು ದಿನ ಪ್ರತ್ಯೇಕ ಕೋಣೆ, ಆ್ಯಂಟಿಬಯಾಟಿಕ್, ಕಣ ಏರಿಸುವ ಇಂಜೆಕ್ಷನ್.

ಲೆಕ್ಕ ಹಾಕಿ ನೋಡಿ. ಉಳಿಸಿದ್ದು ಮೂರು ಸಲ 950, ಅಂದರೆ 2,850. ಕಟ್ಟಿದ 1,86,000ವನ್ನು 950ರಿಂದ ಭಾಗಿಸಿದರೆ 195 ಪರೀಕ್ಷೆ. ಡೋಸ್ ಒಂದು ಮಟ್ಟಕ್ಕೆ ನಿಂತ ಮೇಲೆ ಡಾಕ್ಟರು ಹೇಳಿದ್ದು ಮೂರು ತಿಂಗಳಿಗೊಂದು. ವರ್ಷಕ್ಕೆ ನಾಲ್ಕರಂತೆ 48 ವರ್ಷಕ್ಕೆ ಆಗುತ್ತಿತ್ತು. ನನಗೀಗ 44. ಸಂಬಳವಿಲ್ಲದೆ ರಜೆ ಹಾಕಿದ 12 ದಿನ ಈ ಲೆಕ್ಕದಲ್ಲಿ ಸೇರಿಲ್ಲ.

ಮೆಡಿಕ್ಲೇಮ್ ಸಿಗಲಿಲ್ಲ. ಕಾಯಿಲೆ ಗೊತ್ತಾದ ಮೇಲೆ ಮಾಡಿಸಿದ ಪಾಲಿಸಿ. 36 ತಿಂಗಳು ಕಾಯಬೇಕಿತ್ತು, ಕಳೆದದ್ದು 19. ಅದು ನಿಯಮ, ದೂರುವುದಿಲ್ಲ. ನನ್ನ ಸಿಟ್ಟು ಒಂಬತ್ತು ವರ್ಷ ಪ್ರೀಮಿಯಂ ಕಟ್ಟಿದ ಕ್ರಿಟಿಕಲ್ ಇಲ್‌ನೆಸ್ ಪಾಲಿಸಿಯ ಮೇಲೆ. ‘ಯಾವ ದೊಡ್ಡ ಕಾಯಿಲೆ ಬಂದರೂ ಚಿಂತೆ ಇಲ್ಲ ಸಾರ್’ ಎಂದು ಮಾರಿದ್ದರು. ಅದರ ಪಟ್ಟಿಯಲ್ಲಿ ಕ್ರೋನ್ಸ್ ಇಲ್ಲವೇ ಇಲ್ಲ. ಆ ಮಾತು ಹೇಳಿ ಈ ಪಾಲಿಸಿ ಮಾರುವುದು ಮೋಸ. ಈ ವರ್ಷ ನಿಲ್ಲಿಸಿದೆ. ಆ ಹಣ ಲ್ಯಾಬಿಗೆಂದು ಎತ್ತಿಟ್ಟಿದ್ದೇನೆ.

ಆಮೇಲೆ ಮಾಡಿಸಿದ ಜೀನ್ ಪರೀಕ್ಷೆಯಲ್ಲಿ, ಈ ಮಾತ್ರೆಯಿಂದ ಬಿಳಿ ರಕ್ತಕಣ ಕುಸಿಯುವ ಅಪಾಯ ಹೆಚ್ಚಿಸುವ ಎನ್‌ಯುಡಿಟಿ15 ವ್ಯತ್ಯಾಸ ಕಂಡಿತು. ಯುರೋಪಿನವರಿಗಿಂತ ಭಾರತೀಯರೂ ಸೇರಿದಂತೆ ಏಷ್ಯಾದವರಲ್ಲಿ ಇದು ಹೆಚ್ಚು. ಜೀವಮಾನಕ್ಕೆ ಒಮ್ಮೆ ಮಾಡಿಸಿದರೆ ಸಾಕು. ಮಾತ್ರೆ ಶುರು ಮಾಡುವ ಮೊದಲೇ ಡಾಕ್ಟರನ್ನು ಕೇಳಿ.

ಹಾಲಿನವನಿಗೆ ಒಂದನೇ ತಾರೀಖು ತಪ್ಪದೆ ದುಡ್ಡು ಕೊಡುತ್ತೇವೆ. ಲ್ಯಾಬಿಗೆ ಮಾತ್ರ ‘ಮುಂದಿನ ತಿಂಗಳು’ ಅನ್ನುತ್ತೇವೆ. ಇದನ್ನು ಓದಿ ಹೆದರಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕಾಯಿಲೆ ಕೆರಳಿದರೆ ಕರುಳಿನ ಆಪರೇಷನ್‌ವರೆಗೂ ಹೋಗಬಹುದು. ನಿಮ್ಮ ಕೊನೆಯ ಸಿಬಿಸಿ ಯಾವ ತಾರೀಖಿನದು ಎಂದು ಇವತ್ತೇ ಫೈಲು ತೆಗೆದು ನೋಡಿ.