ಮಾವ ಯಾರು, ಅಣ್ಣನಿಗೆ ಎಲ್ಲಿ ಕೆಲಸ: ಅಮೆರಿಕದ ಸೆಕ್ಯುರಿಟಿ ಕ್ಲಿಯರೆನ್ಸ್ ಕೇಳುವುದೇನು?

ಅಮೆರಿಕದ ಪೌರತ್ವ ಪಡೆದು, ಅಲ್ಲಿನ ರಕ್ಷಣಾ ಗುತ್ತಿಗೆ ಕಂಪನಿಯಲ್ಲಿ ಕೆಲಸ ಹುಡುಕುವ ನಮ್ಮವರನ್ನು ಕಾಡುವ ಪ್ರಶ್ನೆ ಒಂದೇ: "ಅಪ್ಪ ಅಮ್ಮ ಇನ್ನೂ ಮೈಸೂರಲ್ಲಿದ್ದಾರೆ, ಕ್ಲಿಯರೆನ್ಸ್ ಸಿಗುತ್ತಾ?"

ಸಿಗಬಹುದು. ಸರ್ಕಾರದ ರಹಸ್ಯ ಮಾಹಿತಿ ನೋಡಲು ಬೇಕಾದ ಈ ಅನುಮತಿಗೆ ಅಲ್ಲೇ ಹುಟ್ಟಿದವರಿಗೊಂದು, ಆಮೇಲೆ ಪೌರರಾದವರಿಗೊಂದು ಎಂಬ ನಿಯಮವಿಲ್ಲ. ನೀವಾಗಿಯೇ ಅರ್ಜಿ ಹಾಕುವಂತಿಲ್ಲ, ಕೆಲಸ ಕೊಡುವವರೇ ನಿಮ್ಮ ಹೆಸರು ಕಳಿಸಬೇಕು. ಆಮೇಲೆ 2017ರ ಜೂನ್ 8ರಿಂದ ಜಾರಿಯಲ್ಲಿರುವ 13 ಮಾರ್ಗಸೂಚಿಗಳ ಪ್ರಕಾರ ತೂಗಿ ನೋಡುತ್ತಾರೆ. ನಮ್ಮವರಿಗೆ ಹೆಚ್ಚಾಗಿ ಅಡ್ಡ ಬರುವುದು 'ಬಿ', ಅಂದರೆ ವಿದೇಶಿ ಪ್ರಭಾವ. ಊರಲ್ಲಿರುವವರನ್ನು ಹಿಡಿದು ನಿಮ್ಮ ಮೇಲೆ ಯಾರಾದರೂ ಒತ್ತಡ ತರಬಹುದೇ ಎಂಬುದೇ ಅದರ ತಿರುಳು. ನಿಮ್ಮ ನಿಷ್ಠೆಯ ಮೇಲಿನ ಅನುಮಾನ ಬೇರೆಯೇ ಮಾತು, ಅದಕ್ಕೆ 'ಎ' ಇದೆ.

ನಿಜವಾದ ಕೆಲಸ ಇರುವುದು ಎಸ್‌ಎಫ್-86 ಎಂಬ, ನೂರು ಪುಟ ಮೀರಿದ ಫಾರಂನಲ್ಲಿ. ಅದರ 18ನೇ ಭಾಗ ನೆಂಟರದ್ದು. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಅತ್ತೆ, ಮಾವ. ಇಲ್ಲಿ ಮಾವ ಎಂದರೆ ಹೆಣ್ಣು ಕೊಟ್ಟ ಅಥವಾ ಗಂಡನ ಕಡೆಯ ಮಾವ ಮಾತ್ರ, ಸೋದರಮಾವನಲ್ಲ. ಹಾಗೆಂದು ಸೋದರಮಾವನನ್ನು ಬಿಟ್ಟುಬಿಡುವಂತಿಲ್ಲ. ವಾರಕ್ಕೊಮ್ಮೆ ವಾಟ್ಸ್‌ಆ್ಯಪ್‌ನಲ್ಲಿ ಹರಟುವ ನಂಟಿದ್ದರೆ ಅವರ ಹೆಸರು 19ನೇ ಭಾಗಕ್ಕೆ ಹೋಗುತ್ತದೆ. ಕಳೆದ 7 ವರ್ಷಗಳಲ್ಲಿ ಆಪ್ತ ಒಡನಾಟವಿದ್ದ ವಿದೇಶಿಯರೆಲ್ಲ ಅಲ್ಲಿ ಬರಬೇಕು. ನಮ್ಮ ಕುಟುಂಬಗಳ ಅಳತೆಗೆ ಆ ಜಾಗ ಸಾಲದು ಎನ್ನಿಸಿದರೆ ತಪ್ಪೇನಿಲ್ಲ!

ಬೆಂಗಳೂರಿನವರು ಇನ್ನೊಂದು ಕಡೆ ಎಚ್ಚರವಾಗಿರಬೇಕು. ನೆಂಟರು ವಿದೇಶಿ ಸರ್ಕಾರ, ಸೇನೆ ಅಥವಾ ರಕ್ಷಣಾ ಉದ್ಯಮಕ್ಕೆ ಸೇರಿದವರೇ ಎಂದು ಫಾರಂ ಕೇಳುತ್ತದೆ. ಎಚ್‌ಎಎಲ್, ಬಿಇಎಲ್, ಡಿಆರ್‌ಡಿಒ ನೌಕರರಿಲ್ಲದ ಬೀದಿ ಆ ಊರಿನಲ್ಲಿ ಎಷ್ಟಿದ್ದೀತು? ಅಪ್ಪ ನಿವೃತ್ತರಾಗಿದ್ದರೂ ಕೊನೆಗೆ ಎಲ್ಲಿ ಕೆಲಸದಲ್ಲಿದ್ದರೆಂದು ಬರೆಯಬೇಕು. ಅಣ್ಣ ಡಿಆರ್‌ಡಿಒದಲ್ಲಿದ್ದ ಮಾತ್ರಕ್ಕೆ ಅರ್ಜಿ ಬೀಳುವುದಿಲ್ಲ. ಆದರೆ ಅದನ್ನು ಮುಚ್ಚಿಟ್ಟು ಸಿಕ್ಕಿಬಿದ್ದರೆ ಕಥೆ ಬೇರೆ. ಬೇಕೆಂದೇ ಸುಳ್ಳು ಬರೆಯುವುದು ಅಲ್ಲಿ ಅಪರಾಧ, 5 ವರ್ಷದವರೆಗೆ ಜೈಲಾಗಬಹುದು.

ಓಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡಿನ ಗೊಂದಲವೂ ಇದೆ. ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ ಭಾರತದ ಪೌರತ್ವ ಹೋಗುತ್ತದೆ, ಪಾಸ್‌ಪೋರ್ಟ್ ಒಪ್ಪಿಸಬೇಕು. ಓಸಿಐ ಹೆಸರಿನಲ್ಲಿ 'ನಾಗರಿಕ' ಎಂದಿದ್ದರೂ ಅದಕ್ಕೆ ಮತದಾನದ ಹಕ್ಕಿಲ್ಲ. ಕಾರ್ಡ್ ಇದೆಯೆಂದು ಹೇಳಿ, ಅದು ಪೌರತ್ವವಲ್ಲ ಎಂದು ಫಾರಂನಲ್ಲೇ ವಿವರಿಸುವುದು ಲೇಸು. ಸರೆಂಡರ್ ಸರ್ಟಿಫಿಕೇಟನ್ನು ಜೋಪಾನವಾಗಿಡಿ.

ಕೆಂಗೇರಿಯ ಸೈಟು, ಅಮ್ಮನ ಜೊತೆಗಿನ ಜಂಟಿ ಖಾತೆ, ಎನ್‌ಆರ್‌ಒ ಠೇವಣಿ ಎಲ್ಲವನ್ನೂ ತೋರಿಸಬೇಕು. ಅಮೆರಿಕದಲ್ಲಿರುವ ಮನೆ, ಉಳಿತಾಯಗಳ ಎದುರು ಇವು ಸಣ್ಣವಾದರೆ ನಿಮಗೇ ಅನುಕೂಲ. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಅಲ್ಲಿನ ಖಜಾನೆ ಇಲಾಖೆಗೆ ಪ್ರತ್ಯೇಕ ವರದಿ ಸಲ್ಲಿಸಬೇಕು. ಬಹಳ ಜನ ಮರೆಯುವುದು ಇದನ್ನೇ.

ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1988ರಲ್ಲೇ ಈಗನ್ ಪ್ರಕರಣದಲ್ಲಿ ಹೇಳಿದೆ. ಅನುಮಾನ ಉಳಿದರೆ ಅದರ ಲಾಭ ದೇಶಕ್ಕೆ, ಅರ್ಜಿದಾರನಿಗಲ್ಲ. ಕಠಿಣ ನಿಯಮವೇ, ಆದರೆ ದಾರಿ ಪೂರ್ತಿ ಮುಚ್ಚಿಲ್ಲ. ರಕ್ಷಣಾ ಗುತ್ತಿಗೆ ಕಂಪನಿಯ ನೌಕರನಿಗೆ ಕ್ಲಿಯರೆನ್ಸ್ ನಿರಾಕರಿಸುವ ಮುನ್ನ ಕಾರಣಗಳ ಪಟ್ಟಿ ಕಳಿಸುತ್ತಾರೆ. ಅದು ಕೈಸೇರಿದ 20 ದಿನಗಳೊಳಗೆ ಒಂದೊಂದು ಆರೋಪಕ್ಕೂ ಲಿಖಿತ ಉತ್ತರ ಕೊಡಬೇಕು. ನ್ಯಾಯಾಧೀಶರ ಮುಂದೆ ಹಾಜರಾಗಿ ಹೇಳಿಕೊಳ್ಳುವುದಿದ್ದರೆ ಆ ಉತ್ತರದಲ್ಲೇ ವಿಚಾರಣೆ ಬೇಕೆಂದು ಕೇಳಿ. ಕೇಳದಿದ್ದರೆ ಸಾಮಾನ್ಯವಾಗಿ ಕಾಗದಪತ್ರ ನೋಡಿಯೇ ತೀರ್ಮಾನಿಸುತ್ತಾರೆ.