ಮುಧೋಳ ನಾಯಿಗೆ ಕರೆ ಕಲಿಸುವ ಕ್ರಮ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಎರೆಭೂಮಿಯಲ್ಲಿ ಹೊಲಮನೆಗಳ ಕಾವಲಿಗಾಗಿ ನಾಯಿಯನ್ನು ಸಾಕುವ ರೂಢಿಯುಂಟು. ನೆರೆಯ ಮುಧೋಳದ ಹೆಸರನ್ನು ಹೊತ್ತ ಜಾತಿಯ ನಾಯಿಯು ಇದಕ್ಕೆ ಹೆಸರಾದದ್ದು. 2005ರಲ್ಲಿ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. 2016ರಲ್ಲಿ ಭೂಸೈನ್ಯದವರು ಇದರ ಮರಿಗಳನ್ನು ಶಿಕ್ಷಣಕ್ಕಾಗಿ ಮೀರತ್ತಿಗೆ ಒಯ್ದರು. ಆದುದರಿಂದ ಈ ನಾಯಿಗೆ ಕಲಿಯುವ ಶಕ್ತಿಯಿಲ್ಲವೆಂಬ ಮಾತಿಗೆ ಆಧಾರವಿಲ್ಲ.

ಆದರೆ ಇದರ ಸ್ವಭಾವವನ್ನು ಮೊದಲು ತಿಳಿಯತಕ್ಕದ್ದು. ಇದು ವಾಸನೆಗಿಂತ ಕಣ್ಣನ್ನೇ ನಂಬಿ ಬೇಟೆಯಾಡುವ ಜಾತಿಯು. ಬಯಲಿನಲ್ಲಿ ಓಡುವ ಪ್ರಾಣಿಯನ್ನು ಕಂಡೊಡನೆ ಬೆನ್ನಟ್ಟುವದು. ಹಿಂಗಾರಿ ಜೋಳದ ಸುಗ್ಗಿಯಾದ ಮೇಲೆ ಗೊಬ್ಬರಕ್ಕಾಗಿ ಹೊಲಗಳಲ್ಲಿ ಕುರಿಯ ಹಿಂಡು ಇಳಿಯುವ ಕಾಲದಲ್ಲಿ, ಕರೆದರೆ ಬಾರದ ಒಂದು ನಾಯಿಯಿಂದ ಕುರಿಗಾರನ ವರ್ಷದ ದುಡಿಮೆಯು ಕೆಡಬಹುದು. ಊರಿನಲ್ಲಿ ವ್ಯಾಜ್ಯವೂ ಹುಟ್ಟಬಹುದು. ಮೊಲ, ಚಿಗರಿಗಳನ್ನು ನಾಯಿಯಿಂದ ಬೇಟೆಯಾಡಿಸುವದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧವು. ಆದಕಾರಣ ಕರೆದೊಡನೆ ಬರುವದೇ ಈ ನಾಯಿಗೆ ಕಲಿಸಬೇಕಾದ ಮುಖ್ಯ ಪಾಠ.

ಮರಿಯು ಎರಡು ತಿಂಗಳಿನದಾದಾಗಲೇ ಪಾಠವನ್ನು ಪ್ರಾರಂಭಿಸಬಹುದು. ಮುಂಜಾನೆ ಮತ್ತು ಸಂಜೆಯ ತಂಪಿನಲ್ಲಿ, ಹಸಿದಿರುವಾಗ, ಐದರಿಂದ ಹತ್ತು ನಿಮಿಷ ಸಾಕು. ಮನೆಯವರೆಲ್ಲರೂ ಒಂದೇ ಮಾತನ್ನು ಬಳಸತಕ್ಕದ್ದು.

ಮೊದಲನೆಯದಾಗಿ, ಹೆಸರನ್ನು ಒಂದು ಸಲ ಕೂಗಿ, ಮರಿಯು ಮುಖವೆತ್ತಿ ನೋಡಿದ ಕೂಡಲೇ ರೊಟ್ಟಿಯ ಚೂರನ್ನು ಕೊಡಬೇಕು.

ಎರಡನೆಯದಾಗಿ, ಚೂರನ್ನು ಮೂಗಿನ ಮೇಲಿಂದ ಹಿಂದಕ್ಕೆ ಒಯ್ದರೆ ಮರಿಯು ತಾನಾಗಿ ಕೂಡುವದು. ಆಗ “ಕೂಡು” ಎಂದು ಹೇಳಿ ಚೂರನ್ನು ಕೊಡಬೇಕು. ಬೆನ್ನನ್ನು ಒತ್ತಿ ಕೂಡಿಸಬಾರದು.

ಮೂರನೆಯದಾಗಿ, ಇಪ್ಪತ್ತು ಮೊಳದ ಹಗುರಾದ ಹಗ್ಗವನ್ನು ಕಟ್ಟಿ ಬಯಲಿಗೆ ಒಯ್ದು, “ಬಾ” ಎಂದು ಒಮ್ಮೆ ಮಾತ್ರ ಕರೆಯಬೇಕು. ಬಾರದಿದ್ದರೆ ಹಗ್ಗವನ್ನು ಮೆಲ್ಲಗೆ ಎಳೆದುಕೊಂಡು, ಬಂದ ಮೇಲೆ ಮೈ ಸವರಿ ತಿನಿಸು ಕೊಡಬೇಕು. ಈ ಜಾತಿಯ ತಲೆಯು ಕಿರಿದಾದುದರಿಂದ ಕೊರಳ ಪಟ್ಟಿಯು ಅಗಲವಾಗಿ, ಜಾರದಂತೆ ಇರಬೇಕು.

ನಾಲ್ಕನೆಯದಾಗಿ, ಕುರಿಗಾರನ ಒಪ್ಪಿಗೆ ಪಡೆದು, ಹಿಂಡಿನಿಂದ ಬಹುದೂರದಲ್ಲಿ ಹಗ್ಗ ಸಹಿತವಾಗಿಯೇ ಈ ಪಾಠವನ್ನು ನಡಿಸಬೇಕು. ನಾಯಿಯು ಕುರಿಗಳನ್ನು ಬಿಟ್ಟು ಯಜಮಾನನ ಕಡೆಗೆ ತಿರುಗತೊಡಗಿದಂತೆ ದಿನಕ್ರಮೇಣ ಹತ್ತಿರ ಬರಬಹುದು. ಈ ಪಾಠವು ತಪ್ಪದೆ ನಡೆಯುವವರೆಗೆ ಹಗ್ಗವನ್ನು ಬಿಚ್ಚಕೂಡದು. ಪಳಗಿದ ನಾಯಿಯನ್ನಾದರೂ ಹಿಂಡಿನ ಬಳಿ ಬಿಡದಿರುವದೇ ಲೇಸು.

ತಡವಾಗಿ ಬಂದ ನಾಯಿಯನ್ನು ಹೊಡೆಯುವದು ಬಹು ದೊಡ್ಡ ತಪ್ಪು. ಓಡಿಹೋದುದಕ್ಕೆ ಪೆಟ್ಟು ಬಿದ್ದಿತೆಂದು ಅದು ತಿಳಿಯದು. ಯಜಮಾನನ ಬಳಿಗೆ ಬಂದುದಕ್ಕೆ ಬಿದ್ದಿತೆಂದೇ ತಿಳಿಯುವದು. ಮರುದಿನ ಕರೆದರೆ ಅದು ದೂರವೇ ನಿಲ್ಲುವದು. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಹಾಕಿದ ನಾಯಿಯೂ ಸಿಡುಕು ಸ್ವಭಾವದ್ದಾಗುವದು. ಈ ಜಾತಿಗೆ ನಿತ್ಯವೂ ಓಟ ಬೇಕು.

ಮೂರು ತಿಂಗಳಾದ ಮರಿಗೆ ಪಶುವೈದ್ಯರಿಂದ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಹಾಕಿಸಿ, ಅವರು ಹೇಳಿದಂತೆ ಮುಂದೆಯೂ ಹಾಕಿಸುತ್ತಿರಬೇಕು. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ದವಾಖಾನೆಗೆ ಹೋಗತಕ್ಕದ್ದು.

ಊರ ಹಿರಿಯರೂ ಹೊಲದ ಒಡೆಯರೂ ತಮ್ಮ ನಾಯಿಗಳಿಗೆ ಈ ಪಾಠವನ್ನು ಮೊದಲು ಕಲಿಸಿದರೆ ಉಳಿದವರು ಅದನ್ನು ನೋಡಿ ಕಲಿಯುವರು. ಕುರಿಗಾರನೂ ನಿರ್ಭಯವಾಗಿ ಹೊಲಕ್ಕೆ ಹಿಂಡನ್ನು ತರುವನು.